ಉಳಿದದ್ದು ನಿನಗೆ ಗೊತ್ತು

ಶನಿವಾರ ಬೆಳಿಗ್ಗೆ ಆರಕ್ಕೇ ಅಜ್ಜ ಬೆಲ್ಲು ಒತ್ತುತ್ತಾನೆ.
ಕೈಗಾಡಿಯಲ್ಲಿ ಒಂಬತ್ತು ಕೋಸು,
ಒದ್ದೆ ಪೇಪರಿನಲ್ಲಿ ಸುತ್ತಿದ ಕೂಸುಗಳ ಹಾಗೆ.
‘ಏಳು. ನೆಲಮಾಳಿಗೆಗೆ ನಡಿ.’
ಐವತ್ತು ವರ್ಷ ಡೂಯಿಸ್ಬರ್ಗಿನಲ್ಲಿದ್ದೂ
ಅವನ ಜರ್ಮನ್ ಇನ್ನೂ ಗಣಿಯೊಳಗಿನದೇ:
ಹಿಡಿ, ಬಿಡು, ಬಗ್ಗು, ಓಡು.

ಕತ್ತಿ ಬುಡಕ್ಕೆ ಎರಡೇ ಬೆರಳು.
ಮಿಕ್ಕಿದ್ದು ಕೈಯಿಂದ ಸೀಳಬೇಕು,
ಎಲೆ ತನ್ನ ದಾರಿ ತಾನು ಹುಡುಕಿಕೊಳ್ಳಲಿ.
ಉಪ್ಪು ಬಿಳಿ ದಂಟಿಗೆ, ಹಸಿರಿಗಲ್ಲ.
ತಮ್ಮ ಟಿಲ್ ಮೊಣಕೈವರೆಗಿನ ಗ್ಲೌಸು ತೊಟ್ಟು
ಖಾರಕ್ಕೆ ಸೀನುತ್ತಾನೆ, ಎಣಿಸುತ್ತಾನೆ: ಹದಿನಾಲ್ಕು.

ಅಮ್ಮ ಮೆಟ್ಟಿಲ ಮೇಲೇ ನಿಂತಿದ್ದಾಳೆ, ಇಳಿಯುವುದಿಲ್ಲ.
ಶಾಲೆಗೆ ಹೋಗುವ ಮುಂಚೆ
ಎರಡು ಸಲ ತಲೆಗೆ ಸೋಪು ಹಚ್ಚುತ್ತಿದ್ದಳಂತೆ,
ಬೆಳ್ಳುಳ್ಳಿ ವಾಸನೆ ಕೂದಲಲ್ಲಿ ಕೂತಿದ್ದೀತೆಂದು.
ಈಗ ಮೇಲಿಂದಲೇ ಕೂಗುತ್ತಾಳೆ:
‘ನನ್ನ ಡಬ್ಬಿಗೆ ಮಾತ್ರ ಸ್ವಲ್ಪ ಜಾಸ್ತಿ ಹಾಕಿ.’

ಊರಿನಲ್ಲಿ ಅಜ್ಜ ಒಲೆ ಮುಟ್ಟಿದವನಲ್ಲ.
ಗಂಡಸು ಅಡುಗೆಮನೆಗೆ ಕಾಲಿಟ್ಟರೆ
ಏನೋ ಉದುರಿ ಬೀಳುತ್ತದೆ ಎನ್ನುತ್ತಿದ್ದಳಂತೆ ಅವನ ಅಜ್ಜಿ.
ಎಪ್ಪತ್ತೆರಡರ ಚಳಿ. ಗಣಿ ಹಾಸ್ಟೆಲು, ಒಂದು ಕೋಣೆ, ನಾಲ್ವರು.
ಮೂರು ತಿಂಗಳು ಆಲೂಗೆಡ್ಡೆ ತಿಂದು
ನಾಲಿಗೆ ಚಪ್ಪೆಯಾಗಿ ಅವ್ವನಿಗೆ ಬರೆದ.
ಅವ್ವನಿಗೆ ಅಕ್ಷರ ಬಾರದು.
ಅವಳು ಹೇಳಿದಳು, ಬರೆದವರು ದ್ವೀಪದ ಶಾಲೆಯ ಮೇಷ್ಟ್ರು.
ಮೇಷ್ಟ್ರಿಗೆ ಒಲೆಯ ಗಾಳಿ ಸೋಕಿದ್ದಿಲ್ಲ.

‘ಕೋಸಿಗೆ ಉಪ್ಪು ಹಾಕು. ತೊಳೆ. ಬೆಳ್ಳುಳ್ಳಿ ಸಾಕಷ್ಟು.
ಉಳಿದದ್ದು ನಿನಗೆ ಗೊತ್ತು.
ನೆಲದೊಳಗೆ ತಲೆ ತಗ್ಗಿಸಿ ನಡೆ.’

ಏನೂ ಗೊತ್ತಿರಲಿಲ್ಲ.
ಗೊತ್ತಿಲ್ಲದ ಕಡೆಗೆಲ್ಲ ಸಿಕ್ಕಿದ್ದನ್ನು ಹಾಕಿದ.
ಮೆಣಸಿನ ಬದಲು ಹಂಗೇರಿಯ ಕೆಂಪು ಪುಡಿ,
ಕುಬಿಯಾಕನ ಹೆಂಡತಿ ಕೊಟ್ಟ ಉಪ್ಪುಮೀನು, ಹೆರಿಂಗು,
ಹುಳಿ ಸೇಬು ಒಂದು, ತುರಿದು.
ಮೇಲೆ ಭಾರಕ್ಕೆ ಎಂಟುನೂರು ಮೀಟರ್ ಕೆಳಗಿನ ಕಲ್ಲು,
ಜೇಬಲ್ಲಿ ಕದ್ದು ತಂದದ್ದು, ಮೂರು ಸಲ ಕುದಿಸಿದ್ದು.
ಹಾಸ್ಟೆಲಿನವರು ತಿಂದರು.
ಒಬ್ಬ ಅತ್ತ. ಇನ್ನೊಬ್ಬ, ‘ಇದೇನಯ್ಯಾ ಇದು?’ ಅಂದ,
ಅಂದವನೇ ಭರಣಿ ಕೆರೆದು ತಿಂದ.

ಎಂಬತ್ತನಾಲ್ಕರಲ್ಲಿ ಅವ್ವನ ಮಣ್ಣಿಗೆ ಹೋದಾಗ
ತಂಗಿ ಬಡಿಸಿದಳು, ಅವ್ವನದೇ ಹದ.
ಅಜ್ಜನ ನಾಲಿಗೆ
ಬೇರೆ ಕೊಟ್ಟಿಗೆಗೆ ನುಗ್ಗಿದ ಕರುವಿನಂತೆ ನಿಂತುಬಿಟ್ಟಿತು.
ಯಾರಿಗೂ ಹೇಳಲಿಲ್ಲ. ನನಗೆ ಹೇಳಿದ, ಹೋದ ವರ್ಷ,
ಬಸ್ಸಿಗೆ ಕಾಯುತ್ತಾ.

ಈಗ ಡ್ಯುಸೆಲ್ಡಾರ್ಫಿನ ಅಂಗಡಿಯಲ್ಲಿ ಎಲ್ಲ ಸಿಗುತ್ತದೆ.
ನಿಜವಾದ ಮೆಣಸಿನ ಪುಡಿ, ಸೀಗಡಿ ಉಪ್ಪಿನಕಾಯಿ.
ತಂದುಕೊಟ್ಟೆ. ಪೊಟ್ಟಣ ಬಿಚ್ಚಿ ಮೂಸಿದ,
‘ಒಳ್ಳೇ ಮಾಲು’ ಅಂದ,
ಮಡಿಕೆ ಮಡಿಕೆಯಾಗಿ ಮಡಚಿ ಅಟ್ಟಕ್ಕಿಟ್ಟ.
ಹೆರಿಂಗಿನ ಡಬ್ಬಿ ತೆರೆದ.

ನಾನು ತಕ್ಕಡಿ ತಂದಿದ್ದೇನೆ, ನೋಟ್‌ಬುಕ್ಕೂ.
ಹೆರಿಂಗು ನೂರಿಪ್ಪತ್ತು ಗ್ರಾಂ. ಸೇಬು, ಸಿಪ್ಪೆ ಸಮೇತ.
ಉಪ್ಪಿನ ಸಾಲಿಗೆ ಬರುವಷ್ಟರಲ್ಲಿ
ಟಿಲ್‌ನ ಕೆಂಪು ಗ್ಲೌಸು ಪುಟದ ಮೇಲೆ.

ಈ ಸಲ ಅಜ್ಜ ಬಗ್ಗಲಾರ.
ಎದೆಯೊಳಗೆ ಹಳೆಯ ಕಲ್ಲಿದ್ದಲಿನ ಧೂಳು,
ಮೂರು ಮೆಟ್ಟಿಲಿಗೊಮ್ಮೆ ನಿಂತು ಇಳಿದಿದ್ದಾನೆ.
ಬೋರಲು ಹಾಕಿದ ಬಿಯರ್ ಕ್ರೇಟಿನ ಮೇಲೆ ಕೂತು
ಕೈ ತೋರಿಸುತ್ತಾನೆ: ಅಲ್ಲಿ ಎಲೆ ಬಿಡಿಸು,
ಇಲ್ಲಿ ಒತ್ತು, ಗಾಳಿ ಹೋಗಲಿ.
ನಾನು ಬಗ್ಗುತ್ತೇನೆ. ಕಲ್ಲು ಇಡುತ್ತೇನೆ.

ರಸಕ್ಕೆ ಬೆರಳು ಅದ್ದಿ ನೆಕ್ಕಿದ.
‘ಏನೋ ಕಡಿಮೆ.’
ಏನು?
ಬಲ್ಬು ನೋಡುತ್ತಾ ಬಹಳ ಹೊತ್ತು ಕೂತ.
‘ಗೊತ್ತಿಲ್ಲ. ಬುಧವಾರ ನೋಡೋಣ.’